ಗುಂಡು ಹಾರಿಸುವುದು ಏಳನೇ ಹಂತ: ಪರವಾನಗಿ ಬಂದೂಕು ಇದ್ದವರಿಗೆ ಅಭ್ಯಾಸದ ಸಮಗ್ರ ಮಾರ್ಗದರ್ಶಿ

ವರ್ಷಕ್ಕೆ ಎರಡೇ ಸಲ ಹೊರಗೆ ಬರುವ ಬಂದೂಕು ಯಾರನ್ನೂ ಕಾಪಾಡುವುದಿಲ್ಲ. ಒಂದು ಸಲ ಎಣ್ಣೆ ಹಚ್ಚಲು, ಇನ್ನೊಂದು ಸಲ ಚುನಾವಣೆ ಬಂತೆಂದು ಠಾಣೆಗೆ ಒಪ್ಪಿಸಲು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟದ ಮನೆಗಳು ದೂರ ದೂರ. ರಾತ್ರಿ ಏನಾದರೂ ಆದರೆ ಪೊಲೀಸರು ಬರುವುದಕ್ಕೆ ಹೊತ್ತು ಹಿಡಿಯುತ್ತದೆ. ಹಾಗಾಗಿ ಪರವಾನಗಿ ಮಾಡಿಸಿದವರು ಬಹಳ ಜನ. ಕಲಿತವರು ಕಡಿಮೆ.

ನೆಂಟರು, ಅಕ್ಕಪಕ್ಕದವರು ಕೇಳಿದಾಗ ನಾನು ಹೇಳಿಕೊಡುತ್ತಾ ಬಂದಿದ್ದೇನೆ. ಎಲ್ಲರೂ ಎಡವುವ ಜಾಗ ಒಂದೇ. ಗುಂಡು ಹಾರಿಸುವುದರಿಂದ ಶುರು ಮಾಡುತ್ತಾರೆ. ಎರಡು ಈಡು ಹೊಡೆದು, ಭುಜ ನೋಯಿಸಿಕೊಂಡು, "ಆಯ್ತು, ಬರ್ತದೆ" ಎಂದು ಬಂದೂಕನ್ನು ಮೂಲೆಗೆ ಸೇರಿಸುತ್ತಾರೆ. ಕೆಳಗಿನ ಹಂತಗಳನ್ನು ಕ್ರಮ ತಪ್ಪಿಸದೆ ಮಾಡಿ. ಆರು ಮುಗಿಯದೆ ಏಳಕ್ಕೆ ಹೋಗಬೇಡಿ.

ಇದು ಶಿಕಾರಿಗೆ ಬರೆದದ್ದಲ್ಲ. ಹಂದಿ, ಮಂಗ ಏನೇ ಇರಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಆ ವಿಷಯ ಅರಣ್ಯ ಇಲಾಖೆಯ ಹತ್ತಿರ ಮಾತಾಡಿ. ಇಲ್ಲಿರುವುದು ಮನೆಯಲ್ಲಿ ಸಾಮಾನ್ಯವಾಗಿ ಇರುವ 12 ಬೋರಿನ (ಬೋರು ಎಂದರೆ ನಳಿಗೆಯ ಒಳಗಾತ್ರ) ಒಂಟಿ ಅಥವಾ ಜೋಡಿ ನಳಿಗೆಯ ಬಂದೂಕು ಮತ್ತು ಅದನ್ನು ಹಿಡಿಯುವ ಮೈ, ಎರಡರ ತಯಾರಿ.

## ಮೊದಲೇ ಹೊಂದಿಸಿಕೊಳ್ಳಬೇಕಾದ ಸಾಮಾನು

ಎರಡು ಡಮ್ಮಿ ತೋಟೆ, ಅಂದರೆ ಮದ್ದು ಗುಂಡು ಇಲ್ಲದ ಅಭ್ಯಾಸದ ಕಾಡತೂಸು. ಕಿವಿಗೆ ಇಯರ್ ಮಫ್. ಕಣ್ಣಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಕನ್ನಡಕ. 12 ಬೋರಿಗೆ ಹೊಂದುವ ಬ್ರಷ್ ಇರುವ ಕ್ಲೀನಿಂಗ್ ರಾಡ್, ಗನ್ ಆಯಿಲ್. ಬೀಗ ಹಾಕುವ ಕಬ್ಬಿಣದ ಕಪಾಟು. ತೋಟೆ ಇಡಲು ಇನ್ನೊಂದು ಬೀಗದ ಡಬ್ಬಿ, ಬೇರೆ ಕೋಣೆಯಲ್ಲಿ. ಒಳ್ಳೆಯ ಟಾರ್ಚ್. ಒಂದು ರೂಪಾಯಿಯ ನಾಣ್ಯ. ಒಂದು ನೋಟ್‌ಬುಕ್.

ಇನ್ನೊಂದು ಇದೆ, ಅದಕ್ಕೆ ದುಡ್ಡು ಬೇಡ. ಎರಡೂವರೆ ಮೊಳದ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ತೆಗೆದುಕೊಳ್ಳಿ. ಮರಳಿನ ಪುಟ್ಟ ಚೀಲ ಬಿಗಿದು ಅದರ ತೂಕವನ್ನು ಮೂರು ಕೇಜಿಯ ಹತ್ತಿರ ತನ್ನಿ. ಜೋಡಿ ನಳಿಗೆಯ ಬಂದೂಕು ಹೆಚ್ಚು ಕಡಿಮೆ ಅಷ್ಟೇ ತೂಗುತ್ತದೆ. ಮೈ ಹದ ಮಾಡುವ ಕೆಲಸಕ್ಕೆಲ್ಲ ಈ ದಬ್ಬೆಯೇ ಸಾಕು. ಬಂದೂಕು ಹಿಡಿದು ಅಂಗಳದಲ್ಲಿ ಓಡಾಡಿದರೆ ನೋಡಿದವರು ಏನೆಂದುಕೊಂಡಾರು?

## ಹಂತ 1: ಕಾಗದ ನೋಡಿಕೊಳ್ಳಿ

ಪರವಾನಗಿ ಪುಸ್ತಕ ತೆಗೆದು ಮೂರು ವಿಷಯ ಓದಿ. ಮುಗಿಯುವ ದಿನಾಂಕ, ಯಾವ ಉದ್ದೇಶಕ್ಕೆ ಕೊಟ್ಟದ್ದು, ಎಷ್ಟು ತೋಟೆ ಇಟ್ಟುಕೊಳ್ಳಬಹುದು. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. "ಇನ್ನೂ ಟೈಮ್ ಇದೆ" ಎಂದು ಮರೆತು ಕೂರುವವರು ಅದರಿಂದಲೇ ಜಾಸ್ತಿಯಾಗಿದ್ದಾರೆ.

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಸುರಕ್ಷತಾ ತರಬೇತಿ ಮತ್ತು ಅದರ ಪ್ರಮಾಣಪತ್ರದ ಮಾತಿದೆ. ಹಳೆಯ ಪರವಾನಗಿದಾರರು ಅದು ತಮಗಲ್ಲ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅವರಿಗೇ ಅದು ಹೆಚ್ಚು ಬೇಕು. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ನಡೆಸುವುದುಂಟು. ನಿಮ್ಮ ಠಾಣೆಯಲ್ಲಿ ವಿಚಾರಿಸಿ, ಹೆಸರು ಕೊಟ್ಟು ಬನ್ನಿ.

ಒಂದು ತಪ್ಪು ಎಲ್ಲರ ಮನೆಯಲ್ಲೂ ಆಗುತ್ತದೆ. ಪರವಾನಗಿ ಅಪ್ಪನ ಹೆಸರಲ್ಲಿ, ಬಂದೂಕು ಹಿಡಿಯುವವನು ಮಗ. ಪುಸ್ತಕದಲ್ಲಿ ಹೆಸರಿಲ್ಲದವರ ಕೈಗೆ ಕೊಡಬೇಡಿ. ಮಗನಿಗೆ ಕಲಿಸಬೇಕಿದ್ದರೆ ಅವನ ಹೆಸರನ್ನು ಕಾನೂನು ಪ್ರಕಾರ ಸೇರಿಸುವ ದಾರಿ ನೋಡಿ.

## ಹಂತ 2: ಖಾಲಿ ಇದೆಯೇ ಎಂದು ನೋಡುವುದು

ಇಲ್ಲಿ ಒಂದು ವಾರ ನಿಲ್ಲಿ. ಸುಮ್ನೆ ಹೇಳುತ್ತಿಲ್ಲ.

ಬಂದೂಕನ್ನು ಕಪಾಟಿನಿಂದ ತೆಗೆಯುವಾಗ ನಳಿಗೆಯ ಬಾಯಿ ಎಲ್ಲಿ ನೋಡುತ್ತಿದೆ? ಮೊದಲು ಅದನ್ನು ನಿರ್ಧರಿಸಿ. ಮನೆಯಲ್ಲಿ ಒಂದು ದಿಕ್ಕು ಗೊತ್ತು ಮಾಡಿಕೊಳ್ಳಿ. ದಪ್ಪ ಚಿರೆಕಲ್ಲಿನ ಗೋಡೆ, ಅದರ ಆಚೆ ಯಾರೂ ಓಡಾಡದ ದರೆ (ಎತ್ತರದ ಮಣ್ಣಿನ ದಿಬ್ಬ) ಇದ್ದರೆ ಒಳ್ಳೆಯದು. ಹಲಗೆಯ ಅಡ್ಡಗೋಡೆ ಬೇಡ, ಹಂಚಿನ ಮಾಡಿನ ಕಡೆಯೂ ಬೇಡ. ಅಟ್ಟದ ಮೇಲೆ ಯಾರಿದ್ದಾರೆಂದು ಯಾರಿಗೆ ಗೊತ್ತು?

ಕ್ರಮ ಹೀಗೆ. ಬೆರಳು ಟ್ರಿಗರ್‌ನ ಹೊರಗೆ, ಪಕ್ಕದ ಲೋಹದ ಮೇಲೆ ಚಾಚಿರಲಿ. ಬಂದೂಕನ್ನು ಮಡಚಿ ತೆರೆಯಿರಿ. ತೋಟೆ ಕೂರುವ ಗೂಡನ್ನು ಕಣ್ಣಿಂದ ನೋಡಿ. ಆಮೇಲೆ ಕಿರುಬೆರಳು ಹಾಕಿ ಮುಟ್ಟಿ ನೋಡಿ. ಕತ್ತಲಲ್ಲಿ ಕಣ್ಣು ಮೋಸ ಮಾಡುತ್ತದೆ, ಬೆರಳು ಮಾಡುವುದಿಲ್ಲ. ಇನ್ನೊಬ್ಬರ ಕೈಗೆ ಕೊಡುವಾಗ ತೆರೆದೇ ಕೊಡಿ. ಇಸಿದುಕೊಳ್ಳುವವರೂ ಮತ್ತೆ ನೋಡಬೇಕು.

"ಖಾಲಿ ಇದ್ದು, ಬಿಡೋ ಭಾವ" ಎಂದು ಒಬ್ಬರು ನನ್ನ ಕೈಗೆ ಬಂದೂಕು ಕೊಟ್ಟಿದ್ದರು. ತೆರೆದರೆ ಎಡ ನಳಿಗೆಯಲ್ಲಿ ತೋಟೆ. ಹಿಂದಿನ ಅಡಿಕೆ ಕೊಯ್ಲಿನ ಕಾಲದಿಂದ ಅಲ್ಲೇ ಕೂತಿತ್ತಂತೆ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಳಿಗೆಯ ಒಳಗನ್ನೂ ನೋಡಬೇಕು. ತೆರೆದ ಬಂದೂಕನ್ನು ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ. ನಮ್ಮ ಕಡೆಯ ದೊಡ್ಡ ಶತ್ರು ಕುಂಬಾರ ಹುಳ. ಗೋಡೆಗೆ ತೂಗುಹಾಕಿದ ಬಂದೂಕಿನ ನಳಿಗೆಯಲ್ಲಿ ಅದು ಮಣ್ಣಿನ ಗೂಡು ಕಟ್ಟುತ್ತದೆ. ಹಾಗೇ ಹೊಡೆದರೆ ನಳಿಗೆ ಸೀಳುತ್ತದೆ, ಎಡಗೈ ಬೆರಳುಗಳು ಇರುವುದು ಸರಿಯಾಗಿ ಆ ಜಾಗದಲ್ಲೇ.

ಮುಂದೆ ಹೋಗಬಾರದ ಲಕ್ಷಣಗಳು: ಮುಚ್ಚಿದಾಗ ನಳಿಗೆ ಮತ್ತು ಹಿಂಭಾಗದ ನಡುವೆ ಗಡಗಡ ಅಲುಗುವುದು, ಕುದುರೆ (ತೋಟೆ ಸಿಡಿಸಲು ಬಡಿಯುವ ಭಾಗ) ತಾನಾಗಿ ಬೀಳುವುದು, ನಳಿಗೆಯಲ್ಲಿ ಗುಳಿ ಬಿದ್ದ ತುಕ್ಕು, ಬಟ್‌ನಲ್ಲಿ (ಭುಜಕ್ಕೆ ಒರಗಿಸುವ ಮರದ ಹಿಂಭಾಗ) ಬಿರುಕು. ಇವುಗಳಲ್ಲಿ ಒಂದಿದ್ದರೂ ಪರವಾನಗಿ ಇರುವ ರಿಪೇರಿಯವರಿಗೆ ತೋರಿಸಿ. ಅಜ್ಜನ ಕಾಲದ, ನಳಿಗೆಯ ಮೇಲೆ ಸುರುಳಿ ಸುರುಳಿ ಗೆರೆ ಕಾಣುವ ಬಂದೂಕಾದರೆ ಈಗಿನ ತೋಟೆ ಹಾಕಲೇಬೇಡಿ. ಆ ನಳಿಗೆ ಈಗಿನ ಮದ್ದಿನ ಒತ್ತಡಕ್ಕೆ ಮಾಡಿದ್ದಲ್ಲ.

## ಹಂತ 3: ಯಾವ ಕಣ್ಣು, ಯಾವ ಅಳತೆ

ಎರಡೂ ಕೈ ಮುಂದೆ ಚಾಚಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ. ಎರಡೂ ಕಣ್ಣು ತೆರೆದು ಆ ಕಿಂಡಿಯಲ್ಲಿ ದೂರದ ತೆಂಗಿನ ಸುಳಿ ನೋಡಿ. ಈಗ ಎಡಗಣ್ಣು ಮುಚ್ಚಿ. ಸುಳಿ ಅಲ್ಲೇ ಇದ್ದರೆ ನಿಮ್ಮದು ಬಲಗಣ್ಣಿನ ಯಜಮಾನಿಕೆ. ಮಾಯವಾದರೆ ಎಡಗಣ್ಣಿನದು.

ಬಲಗೈಯವರಿಗೆ ಎಡಗಣ್ಣು ಯಜಮಾನ ಆಗಿದ್ದರೆ ಹತ್ತು ವರ್ಷ ಅಭ್ಯಾಸ ಮಾಡಿದರೂ ಗುರಿ ಒಂದೇ ಪಕ್ಕಕ್ಕೆ ಹೋಗುತ್ತಿರುತ್ತದೆ. "ನಂಗೆ ಗುರಿ ಇಲ್ಲ" ಎಂದು ಬಿಟ್ಟುಬಿಟ್ಟವರಲ್ಲಿ ಇಂಥವರನ್ನು ನಾನು ಕಂಡಿದ್ದೇನೆ. ಕನ್ನಡಕದ ಎಡ ಗಾಜಿಗೆ ಸಣ್ಣ ಟೇಪು ಅಂಟಿಸಿ ನೋಡಿ. ಅಥವಾ ಎಡ ಭುಜಕ್ಕೆ ಕಲಿಯಿರಿ. ಹೊಸಬರಿಗೆ ಅದೇನೂ ಕಷ್ಟ ಅಲ್ಲ.

ಅಳತೆಗೆ, ಮೊಣಕೈ ಮಡಚಿ ಬಟ್‌ನ ಹಿಂಭಾಗವನ್ನು ಮಡಿಕೆಗೆ ತಾಗಿಸಿ. ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್‌ಗೆ ಸರಾಗ ತಲುಪಬೇಕು. ಇದು ಅಂದಾಜಿನ ಲೆಕ್ಕ. ನಿಜವಾದ ಪರೀಕ್ಷೆ ಎಂದರೆ ಕಣ್ಣು ಮುಚ್ಚಿ ಖಾಲಿ ಬಂದೂಕನ್ನು ಕೆನ್ನೆಗೆ ತಂದು, ಆಮೇಲೆ ಕಣ್ಣು ತೆರೆಯುವುದು. ನಳಿಗೆಯ ತುದಿಯಲ್ಲಿ ಗುರಿಗೆಂದು ಇರುವ ಮಣಿ ನೇರ ಎದುರಿಗೇ ಕಂಡರೆ ಬಂದೂಕು ನಿಮಗೆ ಹೊಂದುತ್ತದೆ. ಬೈಫೋಕಲ್ ಹಾಕುವವರಿಗೆ ಮಣಿ ಮಸುಕಾಗಿ ಕಾಣುತ್ತದೆ. ಕಣ್ಣಿನ ಡಾಕ್ಟರಿಗೆ ಇದನ್ನೇ ಬಿಡಿಸಿ ಹೇಳಿ.

## ಹಂತ 4: ತೋಟೆ ಇಲ್ಲದ ಅಭ್ಯಾಸ

ನಿಜವಾಗಿ ಕಲಿಯುವುದು ಇಲ್ಲೇ. ದಿನಕ್ಕೆ ಹತ್ತು ನಿಮಿಷ, ಆರು ವಾರ. ಭಾನುವಾರ ಒಂದೇ ಸಲ ಎರಡು ಗಂಟೆ ಮಾಡಿದರೆ ಕೈ ಸೋಲುತ್ತದೆ, ಸೋತ ಕೈ ತಪ್ಪನ್ನೇ ಕಲಿಯುತ್ತದೆ.

ಮೊದಲು ಕೋಣೆ. ನಿಜವಾದ ತೋಟೆ ಆ ಕೋಣೆಯಲ್ಲೇ ಇರಬಾರದು. ಬಾಗಿಲು ಹಾಕಿ, ಮೊಬೈಲ್ ಹೊರಗಿಡಿ. ಎರಡನೇ ಹಂತದ ಪರೀಕ್ಷೆ ಮಾಡಿ. ಗೂಡಿಗೆ ಡಮ್ಮಿ ತೋಟೆ ಹಾಕಿ. ಡಮ್ಮಿ ಇಲ್ಲದೆ ಖಾಲಿ ಕುದುರೆ ಬಡಿಸುತ್ತಾ ಹೋದರೆ ಹಳೆಯ ಬಂದೂಕಿನ ಫೈರಿಂಗ್ ಪಿನ್ (ತೋಟೆಯ ತಳಕ್ಕೆ ಚುಚ್ಚುವ ಮೊಳೆ) ಮುರಿಯಬಹುದು. ಡಮ್ಮಿಗೆ ದೂರದಿಂದಲೇ ಗೊತ್ತಾಗುವ ಬಣ್ಣ ಇರಲಿ.

ಬಂದೂಕು ಕೆನ್ನೆಗೆ ತರುವುದು. ಎಡಗಾಲು ಅರ್ಧ ಹೆಜ್ಜೆ ಮುಂದೆ, ಮೊಣಕಾಲು ಸ್ವಲ್ಪ ಸಡಿಲ, ಮೈಭಾರ ಮುಂಗಾಲಿನ ಮೇಲೆ. ಬಂದೂಕು ಕೆನ್ನೆಗೆ ಬರಬೇಕು, ಕೆನ್ನೆ ಬಂದೂಕಿನ ಹತ್ತಿರ ಹೋಗಬಾರದು. ಹೆಚ್ಚಿನ ಜನ ತಲೆ ಬಗ್ಗಿಸಿ ಬಂದೂಕು ಹುಡುಕುತ್ತಾರೆ. ಎಡಗೈ ಗುರಿಯ ಕಡೆ ತಳ್ಳಲಿ, ಬಟ್ ಮೊದಲು ಕೆನ್ನೆಗೆ, ಕೂಡಲೇ ಭುಜದ ಗುಳಿಗೆ. ತೋಳಿನ ಮೇಲೆ ಕೂತರೆ ನೀಲಿಗಟ್ಟುವುದು ಖಂಡಿತ. ನಿಧಾನವಾಗಿ ಇಪ್ಪತ್ತು ಸಲ ಮಾಡಿ. ವೇಗ ತಾನಾಗಿ ಬರುತ್ತದೆ, ನೀವು ತರಬೇಕಿಲ್ಲ.

ನಾಣ್ಯ. ನಳಿಗೆಯ ಮೇಲೆ, ತುದಿಯ ಹತ್ತಿರ ಒಂದು ರೂಪಾಯಿ ಇಡಿ. ಇನ್ನೊಬ್ಬರು ಇಟ್ಟುಕೊಡುವುದಾದರೆ ಅವರು ಪಕ್ಕದಿಂದ ಬರಲಿ, ನಳಿಗೆಯ ಮುಂದೆ ಕೈ ಅಥವಾ ತಲೆ ತರಬಾರದು. ಟ್ರಿಗರ್ ಒತ್ತಿ. ನಾಣ್ಯ ಬೀಳಬಾರದು. ಬಿದ್ದರೆ ನೀವು ಟ್ರಿಗರ್ ಅನ್ನು ಜಗ್ಗುತ್ತಿದ್ದೀರಿ, ಒತ್ತುತ್ತಿಲ್ಲ. ಬೆಣ್ಣೆಯಲ್ಲಿ ಬೆರಳು ಇಳಿದ ಹಾಗೆ ಇಳಿಯಬೇಕು. ಹತ್ತಕ್ಕೆ ಎಂಟು ಸಲ ನಾಣ್ಯ ನಿಲ್ಲುವ ತನಕ ಬೇರೆ ಏನೂ ಬೇಡ. ನನಗೆ ಇದಕ್ಕೇ ಹನ್ನೊಂದು ದಿನ ಹಿಡಿದಿತ್ತು.

ನೋಡದೆ ತುಂಬುವುದು. ಕಣ್ಣು ಎದುರಿನ ಗೋಡೆಯ ಮೇಲಿರಲಿ. ಕೈ ಜೇಬಿನಿಂದ ಡಮ್ಮಿ ತೆಗೆದು, ಹಿತ್ತಾಳೆಯ ತಳವನ್ನು ಬೆರಳಲ್ಲಿ ಗುರುತಿಸಿ, ಗೂಡಿಗೆ ಹಾಕಲಿ. ಮೊದಲ ವಾರ ಡಮ್ಮಿ ನೆಲಕ್ಕೆ ಬೀಳುತ್ತಲೇ ಇರುತ್ತದೆ. ಬಗ್ಗಿ ಹೆಕ್ಕುವಾಗ ನಳಿಗೆ ಎಲ್ಲಿ ತಿರುಗುತ್ತದೆ ಗಮನಿಸಿ. ಆ ಒಂದು ಕ್ಷಣ ಎಲ್ಲರೂ ಮರೆಯುತ್ತಾರೆ.

ಮಳೆಗಾಲದಲ್ಲಿ ಒಂದೆರಡು ದಿನ ರೇನ್‌ಕೋಟ್ ಹಾಕಿಕೊಂಡು ಇದನ್ನೇ ಮಾಡಿ. ಕಂಬಳಿಕೊಪ್ಪೆ ಇದ್ದರಂತೂ ಬಟ್ ಸಿಕ್ಕಿಕೊಳ್ಳುವ ರೀತಿ ನೋಡಿ ನಿಮಗೇ ನಗು ಬಂದೀತು. ಬನಿಯನ್ ಹಾಕಿ ಕಲಿತದ್ದು ಕೊಪ್ಪೆಯೊಳಗೆ ಉಪಯೋಗಕ್ಕೆ ಬರುವುದಿಲ್ಲ.

ಮುಗಿಸುವ ರೀತಿ. ಹತ್ತು ನಿಮಿಷ ಆದಮೇಲೆ "ಮುಗಿಯಿತು" ಎಂದು ಬಾಯಿಬಿಟ್ಟು ಹೇಳಿ. ಡಮ್ಮಿ ತೆಗೆದು ಬಂದೂಕನ್ನು ಕಪಾಟಿಗೆ ಸೇರಿಸಿ, ಬೀಗ ಹಾಕಿ. ಆಮೇಲೆ "ಇನ್ನೊಂದೇ ಸಲ" ಎಂದು ಮತ್ತೆ ತೆಗೆಯಬೇಡಿ. ಮನೆಯೊಳಗೆ ಗುಂಡು ಹಾರುವ ಅನಾಹುತಗಳು ಆ ಇನ್ನೊಂದು ಸಲದಲ್ಲೇ ಆಗುವುದು. ಅಷ್ಟರಲ್ಲಿ ಯಾರೋ ನಿಜವಾದ ತೋಟೆ ಹಾಕಿರುತ್ತಾರೆ, ಅಥವಾ ನೀವೇ ಹಾಕಿ ಮರೆತಿರುತ್ತೀರಿ.

## ಹಂತ 5: ಏರ್ ರೈಫಲ್ ಇದ್ದರೆ

ಬೇಕೇ ಬೇಕು ಅಂತಿಲ್ಲ. ಆದರೆ ಅಗ್ಗದಲ್ಲಿ ಗುರಿ ಕಲಿಯಲು ಇದಕ್ಕಿಂತ ಒಳ್ಳೆಯದು ಇಲ್ಲ. 4.5 ಮಿಲಿಮೀಟರ್ ಬೋರಿನ, ಹೊಡೆತದ ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಡ. ಕೊಳ್ಳುವಾಗ ಈ ಎರಡೂ ಸಂಖ್ಯೆ ಬಿಲ್ಲಿನಲ್ಲಿ ಇವೆಯೇ ನೋಡಿ.

ಹತ್ತು ಮೀಟರ್ ಅಳೆದು, ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಪುಸ್ತಕ, ಬಟ್ಟೆ ಒತ್ತಾಗಿ ತುಂಬಿ ಹಿಂದೆ ಚಿರೆಕಲ್ಲಿನ ಗೋಡೆ ಇರುವ ಕಡೆ ಇಡಿ. ನೇರ ಕಲ್ಲಿಗೇ ಹೊಡೆದರೆ ಪೆಲೆಟ್ ವಾಪಸ್ ಬರುತ್ತದೆ, ಕನ್ನಡಕ ಬಿಡಬೇಡಿ. ಒಲಿಂಪಿಕ್ಸ್‌ನಲ್ಲಿ ಆಡುವುದೂ ಇದೇ ಹತ್ತು ಮೀಟರಿನಲ್ಲಿ. ಅಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. ನಮಗೆ ಚಹಾ ಲೋಟದ ಬಾಯಿಯಷ್ಟು ಸಾಕು. ಐದಕ್ಕೆ ಐದೂ ಅದರೊಳಗೆ ಬೀಳಲಿ.

## ಹಂತ 6: ಮೈ

"ದಿನವಿಡೀ ತೋಟದಲ್ಲಿ ದುಡೀತೇನೆ, ನಂಗೆಂಥ ವ್ಯಾಯಾಮ?" ಎಂದು ಕೇಳದವರಿಲ್ಲ. ಒಂದು ಪರೀಕ್ಷೆ ಮಾಡಿ ನೋಡಿ. ಮೂರು ಕೇಜಿಯ ದಬ್ಬೆ ಹಿಡಿದು ತೋಟದಿಂದ ಮನೆಗೆ ಬರುವ ಏರನ್ನು ಜೋರಾಗಿ ಹತ್ತಿ. ಜಗಲಿ ಮುಟ್ಟಿದ ಕೂಡಲೇ ದಬ್ಬೆಯನ್ನು ಬಂದೂಕಿನ ಹಾಗೆ ಕೆನ್ನೆಗೆ ತಂದು, ಗೋಡೆಯ ಮೇಲಿನ ಲೈಟಿನ ಸ್ವಿಚ್ಚಿಗೆ ಗುರಿ ಇಟ್ಟು ಇಪ್ಪತ್ತು ಎಣಿಸಿ. ತುದಿ ಎಷ್ಟು ಅಲ್ಲಾಡುತ್ತದೆ? ಸ್ವಿಚ್ಚು ಬಿಟ್ಟು ಕ್ಯಾಲೆಂಡರಿನ ತನಕ ಹೋಯಿತಾ? ಹೆದರಿಕೆಯಾದಾಗ ಓಡದೆ ಇದ್ದರೂ ಎದೆ ಹೀಗೆಯೇ ಬಡಿಯುತ್ತದೆ.

ತೋಟದ ಕೆಲಸದಲ್ಲಿ ಕಾಲು ಗಟ್ಟಿ ಇರುತ್ತದೆ. ತೊಂದರೆ ಇರುವುದು ಬೆನ್ನಿನ ಮೇಲ್ಭಾಗದಲ್ಲಿ. ಅಡಿಕೆ ಸುಲಿಯುವುದು, ಆರಿಸುವುದು, ಕಳೆ ಕೀಳುವುದು, ಎಲ್ಲವೂ ಮುಂದಕ್ಕೆ ಬಗ್ಗಿಯೇ. ಭುಜ ಮುಂದೆ ಬಂದು ಗೂಡುಬೆನ್ನಾಗುತ್ತದೆ. ಅಂಥ ಭುಜದಲ್ಲಿ ಬಟ್ ಕೂರಲು ಗುಳಿಯೇ ಇರುವುದಿಲ್ಲ. ಹಾಗಾಗಿ ನಮಗೆ ಬೇಕಾದದ್ದು ದೊಡ್ಡ ತೋಳಲ್ಲ, ಹಿಂದಕ್ಕೆ ಎಳೆಯುವ ಬಲ.

ವಾರಕ್ಕೆ ಮೂರು ದಿನ, ಇಪ್ಪತ್ತೈದು ನಿಮಿಷ ಸಾಕು.

ಜಗಲಿಯ ಕಂಬಕ್ಕೆ ಟವೆಲ್ ಸುತ್ತಿ, ಎರಡು ತುದಿ ಹಿಡಿದು, ಹಿಂದೆ ವಾಲಿ, ಎದೆಯನ್ನು ಕಂಬದ ಕಡೆ ಎಳೆದುಕೊಳ್ಳಿ. ಹತ್ತು ಸಲದಂತೆ ಮೂರು ಸರದಿ. ಕಂಬ ಗಟ್ಟಿ ಇದೆಯೇ ಮೊದಲು ನೋಡಿ, ಗೆದ್ದಲು ತಿಂದದ್ದಾದರೆ ಮಾಡು ತಲೆಗೆ ಬಂದೀತು.

ಬಸ್ಕಿ ಹದಿನೈದು, ಮೂರು ಸರದಿ. ಮೊಣಕಾಲು ನೋವಿದ್ದರೆ ಕುರ್ಚಿಯಲ್ಲಿ ಕೂತು ಏಳುವುದು ಸಾಕು.

ಎರಡೂ ಕೈಯಲ್ಲಿ ನೀರು ತುಂಬಿದ ಕೊಡಪಾನ ಹಿಡಿದು, ಬೆನ್ನು ನೆಟ್ಟಗೆ ಇಟ್ಟು ಅಂಗಳದಲ್ಲಿ ನಾಲ್ಕು ಸುತ್ತು. ಹಿಡಿತ, ಹೊಟ್ಟೆ, ಬೆನ್ನು ಮೂರಕ್ಕೂ ಇದೊಂದೇ ಸಾಕು. ನನಗೆ ಬಹಳ ಇಷ್ಟದ್ದು.

ದಬ್ಬೆಯನ್ನು ಕೆನ್ನೆಗೆ ತಂದು ಇಪ್ಪತ್ತು ಎಣಿಕೆ ಹಿಡಿಯುವುದು, ಇಪ್ಪತ್ತು ಎಣಿಕೆ ಇಳಿಸುವುದು. ಐದು ಸಲ. ಉಸಿರು ಕಟ್ಟಬೇಡಿ. ಮೂಗಿನಲ್ಲಿ ನಾಲ್ಕು ಎಣಿಸಿ ಒಳಗೆ, ಬಾಯಲ್ಲಿ ಆರು ಎಣಿಸಿ ಹೊರಗೆ.

ಉಳಿದ ದಿನ ನಡಿಗೆ. ಘಟ್ಟದ ಮೇಲಿನವರಿಗೆ ಸೊಪ್ಪಿನ ಬೆಟ್ಟ ಇದೆ, ಏರು ಇಳಿತ ಬೇಕಾದಷ್ಟು. ಕಾರವಾರ, ಅಂಕೋಲಾ, ಕುಮಟಾದವರಿಗೆ ಸಮುದ್ರದ ದಂಡೆ ಇದೆ. ಒದ್ದೆ ಮರಳಲ್ಲಿ ಶುರು ಮಾಡಿ, ಒಣ ಮರಳಿಗೆ ನಿಧಾನ ಹೋಗಿ. ಒಣ ಮರಳಲ್ಲಿ ಮೊದಲ ದಿನವೇ ಓಡಿದರೆ ಮೀನಖಂಡ ಹಿಡಿದುಕೊಂಡು ವಾರ ಕುಂಟಬೇಕಾಗುತ್ತದೆ. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ. ಬೆಳಿಗ್ಗೆ ಏಳರ ಒಳಗೆ ಮುಗಿಸಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ.

ಬಿಪಿ, ಹೃದಯದ ತೊಂದರೆ, ಹರ್ನಿಯಾ ಇದ್ದವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಎದೆ ಬಿಗಿತ, ಎಡಗೈಗೆ ಇಳಿಯುವ ನೋವು, ಕಣ್ಣು ಕತ್ತಲೆ ಬಂದರೆ ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಇನ್ನು ಕವಳದ, ಅಂದರೆ ಎಲೆಯಡಿಕೆಯ ವಿಷಯ. ಬೇಜಾರು ಮಾಡಿಕೊಳ್ಳಬೇಡಿ. ತಂಬಾಕು ಹಾಕಿದ ಕವಳ ಎದೆಬಡಿತ ಏರಿಸುತ್ತದೆ, ಕೈಯಲ್ಲಿ ಸಣ್ಣ ನಡುಕ ತರುತ್ತದೆ. ನಾಣ್ಯದ ಪರೀಕ್ಷೆಯನ್ನು ಒಂದು ದಿನ ಕವಳ ಹಾಕಿ, ಒಂದು ದಿನ ಹಾಕದೆ ಮಾಡಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಾನು ಬರೆದಿದ್ದೇನೆ. ಕವಳ ಬಿಟ್ಟಿಲ್ಲ, ಆದರೆ ಅಭ್ಯಾಸಕ್ಕೆ ಎರಡು ಗಂಟೆ ಮೊದಲು ಹಾಕುವುದಿಲ್ಲ. ಹೆಂಡ ಕುಡಿದ ದಿನ ಮಾತ್ರ ಕಪಾಟಿನ ಕೀಲಿಯನ್ನೇ ಮುಟ್ಟಬೇಡಿ.

## ಹಂತ 7: ಈಗ ಗುಂಡು

ತೋಟದಲ್ಲಿ ಅಲ್ಲ. ಒಪ್ಪಿಗೆ ಇರುವ ಫೈರಿಂಗ್ ರೇಂಜಿನಲ್ಲಿ, ತರಬೇತುದಾರರ ಎದುರಿಗೆ. ಎಲ್‌ಜಿ ಎಂಬ ದಪ್ಪ ಚರೆಯ ಗುಂಡು ಅರ್ಧ ಕಿಲೋಮೀಟರಿಗಿಂತ ಆಚೆಗೂ ಹೋಗಬಲ್ಲದು. ನಿಮ್ಮ ತೋಟದಿಂದ ಅಷ್ಟು ದೂರದಲ್ಲಿ ಯಾರ ಮನೆ ಇದೆ ಎಂದು ನೆನಪು ಮಾಡಿಕೊಳ್ಳಿ.

ಕಿವಿಗೆ ಮಫ್ ಕಡ್ಡಾಯ. 140 ಡೆಸಿಬೆಲ್ ದಾಟಿದ ಸದ್ದು ಒಂದೇ ಹೊಡೆತಕ್ಕೆ ಕಿವಿ ಕೆಡಿಸಬಲ್ಲದು. 12 ಬೋರಿನ ಸದ್ದು ಅದಕ್ಕಿಂತ ಮೇಲೆ. ಹತ್ತಿ ತುರುಕಿಕೊಳ್ಳುವುದು ಸುಮ್ನೆ ಸಮಾಧಾನಕ್ಕೆ.

ತೋಟೆಯ ಮೇಲಿನ ಬರಹ ಓದಿ. ಗೂಡು 65 ಮಿಲಿಮೀಟರಿನದಾಗಿದ್ದರೆ 70ರ ತೋಟೆ ಹಾಕಬಾರದು. ಸಲೀಸಾಗಿ ಕೂರುತ್ತದೆ, ಅದೇ ಅಪಾಯ. ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಇಲ್ಲದೆ ಒತ್ತಡ ಏರುತ್ತದೆ. ಮನೆಯಲ್ಲಿ 20 ಬೋರೂ ಇದ್ದರೆ ಅದರ ತೋಟೆ ಬೇರೆ ಡಬ್ಬಿಯಲ್ಲಿರಲಿ. ಅದು 12ರ ನಳಿಗೆಯೊಳಗೆ ಜಾರಿ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಖಾಲಿ ಎಂದುಕೊಂಡು ಮೇಲಿಂದ 12 ಹಾಕಿ ಹೊಡೆದರೆ ನಳಿಗೆ ಉಳಿಯುವುದಿಲ್ಲ.

ಮೊದಲ ದಿನ ಹತ್ತು ತೋಟೆ ಸಾಕು, ಹಗುರ ಗುಂಡಿನವು. ಬಂದೂಕು ಒದೆಯುವುದನ್ನು ನೆನೆದು ಮೈ ಮೊದಲೇ ಬೆಚ್ಚುತ್ತದೆ. ಕಣ್ಣು ಮುಚ್ಚುತ್ತದೆ, ಭುಜ ಮುಂದೆ ನೂಕುತ್ತದೆ, ಗುಂಡು ನೆಲಕ್ಕೆ ಹೋಗುತ್ತದೆ. ಇದನ್ನು ಹಿಡಿಯುವ ಉಪಾಯ ಒಂದೇ. ತರಬೇತುದಾರರು ನಿಮಗೆ ತೋರಿಸದೆ ಒಮ್ಮೆ ಡಮ್ಮಿ, ಒಮ್ಮೆ ನಿಜವಾದ ತೋಟೆ ಹಾಕಿಕೊಡಲಿ. ಡಮ್ಮಿ ಬಂದಾಗ ನಳಿಗೆ ಧಡಕ್ಕನೆ ಕೆಳಗೆ ಬಾಗಿದರೆ ನೀವು ಬೆಚ್ಚುತ್ತಿದ್ದೀರಿ ಎಂದರ್ಥ. ಹಾಗಾದರೆ ಮತ್ತೆ ಎರಡು ವಾರ ನಾಣ್ಯಕ್ಕೆ ವಾಪಸ್. ನಾಚಿಕೆ ಬೇಡ, ನಾನೂ ವಾಪಸ್ ಹೋಗಿದ್ದೆ.

ಆಮೇಲೆ ಹಳೆಯ ದಿನಪತ್ರಿಕೆಯ ಹಾಳೆ ಕಟ್ಟಿ 5, 10, 15 ಮೀಟರಿನಿಂದ ಒಂದೊಂದು ಹೊಡೆದು ಗುಂಡು ಎಷ್ಟು ಹರಡುತ್ತದೆ ಅಳೆಯಿರಿ. "ಚರೆ ಹರಡ್ತದೆ, ಗುರಿ ಬೇಡ" ಎನ್ನುವ ಮಾತು 5 ಮೀಟರಿನ ಹಾಳೆ ನೋಡಿದ ಕೂಡಲೇ ನಿಲ್ಲುತ್ತದೆ. ಅಷ್ಟು ಹತ್ತಿರದಲ್ಲಿ ಗುಂಡು ಹೆಚ್ಚೇನೂ ಹರಡಿರುವುದಿಲ್ಲ. ಎರಡು ನಳಿಗೆಯದೂ ಬೇರೆ ಬೇರೆ ಇರುತ್ತದೆ, ಬರೆದಿಡಿ.

ಟ್ರಿಗರ್ ಒತ್ತಿದರೂ ಸಿಡಿಯದಿದ್ದರೆ ತೆರೆಯಬೇಡಿ. ನಳಿಗೆಯನ್ನು ಗುರಿಯ ಕಡೆಯೇ ಹಿಡಿದು ಕನಿಷ್ಠ ಮೂವತ್ತು ಸೆಕೆಂಡು ಕಾಯಿರಿ. ತಡವಾಗಿ ಸಿಡಿಯುವ ತೋಟೆ ಉಂಟು, ಅದರಲ್ಲೂ ಮಳೆಗಾಲದ ತೇವ ಕುಡಿದದ್ದು. ಸದ್ದು "ಪುಸ್" ಎಂದು ಮಾತ್ರ ಬಂದರೆ ಅಲ್ಲಿಗೇ ನಿಲ್ಲಿಸಿ. ಬಂದೂಕು ಖಾಲಿ ಮಾಡಿ ನಳಿಗೆಯೊಳಗೆ ಏನಾದರೂ ಸಿಕ್ಕಿದೆಯೇ ನೋಡದೆ ಎರಡನೆಯದು ಹೊಡೆಯಬೇಡಿ.

ಮುಗಿದಮೇಲೆ ಸಾಬೂನಿನಲ್ಲಿ ಕೈ, ಮುಖ ತೊಳೆಯಿರಿ. ಸೀಸದ ಪುಡಿ ಕೈಯಲ್ಲಿರುತ್ತದೆ. ಅದೇ ಕೈಯಲ್ಲಿ ಎಲೆಗೆ ಸುಣ್ಣ ಹಚ್ಚಬೇಡಿ.

## ಹಂತ 8: ರಾತ್ರಿ, ಬಾಗಿಲ ಹತ್ತಿರ

ಈ ಹಂತದ ಅಭ್ಯಾಸವನ್ನು ಬಂದೂಕು ಮುಟ್ಟದೆ ಮಾಡಬೇಕು.

ಬೆಳಗಿನ ಜಾವ ನಾಲ್ಕು ಗಂಟೆ. ನಾಯಿ ಬೊಗಳುತ್ತದೆ. ಹಿತ್ತಿಲ ಬಾಗಿಲನ್ನು ಯಾರೋ ಮೆಲ್ಲಗೆ ತಳ್ಳುತ್ತಿದ್ದಾರೆ. ಕಳ್ಳನೂ ಇರಬಹುದು. ಯಕ್ಷಗಾನ ನೋಡಿ ಬಂದು, ಮನೆಯವರ ನಿದ್ದೆ ಕೆಡಿಸಬಾರದೆಂದು ಹಿಂದಿನಿಂದ ಬಂದ ನಿಮ್ಮ ಮಗನೂ ಇರಬಹುದು. ನಮ್ಮ ಕಡೆ ಎರಡನೆಯದೇ ಹೆಚ್ಚು, ಅಲ್ವಾ? ಹಂದಿ ಎಂದುಕೊಂಡು ಜೊತೆಗಾರನಿಗೇ ಹೊಡೆದ ಸುದ್ದಿ ಮಲೆನಾಡಿನಲ್ಲಿ ಮತ್ತೆ ಮತ್ತೆ ಬರುವುದು ಇದೇ ಕಾರಣಕ್ಕೆ. ಕಂಡದ್ದು ಅಲುಗಾಟ ಮಾತ್ರ, ಉಳಿದದ್ದನ್ನು ಮನಸ್ಸು ತುಂಬಿಸಿತು.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಮನೆಯವರನ್ನೆಲ್ಲ ಒಂದೇ ಕೋಣೆಗೆ ಸೇರಿಸಿ, ತಲೆ ಎಣಿಸಿ. ಯಾರಿಲ್ಲ? ಇಲ್ಲದವರ ಮೊಬೈಲಿಗೆ ಕರೆ ಮಾಡಿ. ಇನ್ನೊಬ್ಬರು 112ಕ್ಕೆ ಕರೆ ಮಾಡಲಿ. ಅಂಗಳದ ಲೈಟು ಹಾಕಿ. "ಯಾರದು? ಹೆಸರು ಹೇಳಿ!" ಎಂದು ಗಟ್ಟಿಯಾಗಿ ಕೂಗಿ. ಕೂಗುವುದನ್ನೂ ಅಭ್ಯಾಸ ಮಾಡಬೇಕು. ಹೆದರಿದಾಗ ಗಂಟಲು ಕಟ್ಟುತ್ತದೆ, ಬಾಯಿಂದ ಬರಿಯ ಗಾಳಿ ಬರುತ್ತದೆ. ತಿಂಗಳಿಗೆ ಒಂದು ಸಲ ಮನೆಮಂದಿಯೆಲ್ಲ ಸೇರಿ ಇದನ್ನು ಮಾಡಿ. ಮಕ್ಕಳು ನಗುತ್ತಾರೆ, ನಗಲಿ.

ಟಾರ್ಚು ಬೇರೆ, ಬಂದೂಕು ಬೇರೆ. ಬಂದೂಕಿಗೇ ಟಾರ್ಚು ಕಟ್ಟಿಕೊಂಡರೆ ಯಾರೆಂದು ನೋಡಲು ಅವರ ಕಡೆ ನಳಿಗೆ ತಿರುಗಿಸಲೇಬೇಕಾಗುತ್ತದೆ. ಕತ್ತಲಲ್ಲಿ ಹೊರಗೆ ಹುಡುಕಿಕೊಂಡು ಹೋಗಬೇಡಿ. ಒಳಗಿರುವವರಿಗೆ ಗೋಡೆಯ ಆಸರೆ ಇದೆ, ಹೊರಗೆ ಹೋದವರಿಗೆ ಇಲ್ಲ.

ಕಾನೂನು ಏನನ್ನುತ್ತದೆ ಎಂಬುದನ್ನು ಹಗಲಿನಲ್ಲೇ ಓದಿಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರ ತನಕದ ಕಲಮುಗಳು ಆತ್ಮರಕ್ಷಣೆಯವು. ಹಳೆಯ ದಂಡ ಸಂಹಿತೆಯಲ್ಲಿ ಇವು 96ರಿಂದ 106 ಆಗಿದ್ದವು. 37ನೆಯ ಕಲಮಿನಲ್ಲಿ ನಮಗೆ ಮುಖ್ಯವಾದ ಎರಡು ಮಾತಿವೆ. ಪೊಲೀಸರ ನೆರವು ಪಡೆಯಲು ಸಮಯ ಇದ್ದರೆ ಈ ಹಕ್ಕು ಇಲ್ಲ. ಹಕ್ಕು ಇದ್ದರೂ, ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ.

ಅಡಿಕೆ ಕಳ್ಳತನದ ಸಿಟ್ಟು ನನಗೂ ಗೊತ್ತು. ವರ್ಷದ ಬೆಳೆ ಅಂಗಳದಿಂದ ಚೀಲ ಸಮೇತ ಹೋದರೆ ಹೊಟ್ಟೆ ಉರಿಯದೆ ಇರುತ್ತದಾ? ಆದರೆ ಚೀಲ ಹೊತ್ತು ಓಡುತ್ತಿರುವವನ ಬೆನ್ನಿಗೆ ಹೊಡೆದರೆ ಅದು ಆತ್ಮರಕ್ಷಣೆ ಆಗುವುದಿಲ್ಲ. ಜೈಲಿಗೆ ಹೋಗುವವರು ನೀವು, ಆಮೇಲೆ ತೋಟ ನೋಡುವವರು ಯಾರು?

"ಹೆದರಿಸಲು ಗಾಳಿಯಲ್ಲಿ ಒಂದು ಈಡು" ಎನ್ನುವುದು ಇನ್ನೊಂದು ಹಳೆಯ ಚಾಳಿ. ಮೇಲೆ ಹೋದದ್ದು ಎಲ್ಲೋ ಇಳಿಯಲೇಬೇಕು. ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದ ತನಕ ಸಜೆ, ಒಂದು ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ ಆಗಬಹುದು.

ಪೊಲೀಸರು ಬಂದಾಗ ಕೈಯಲ್ಲಿ ಬಂದೂಕು ಇರಬಾರದು. ಕತ್ತಲಲ್ಲಿ ಅವರಿಗೆ ಮನೆಯ ಯಜಮಾನ ಯಾರು, ಕಳ್ಳ ಯಾರು ಎಂದು ಹೇಗೆ ಗೊತ್ತಾಗಬೇಕು? ತೆರೆದು, ಖಾಲಿ ಮಾಡಿ, ಮೇಜಿನ ಮೇಲಿಟ್ಟು, ಎರಡೂ ಕೈ ಕಾಣುವ ಹಾಗೆ ನಿಲ್ಲಿ.

## ಹಂತ 9: ಮಳೆಗಾಲ ಮತ್ತು ಚುನಾವಣೆ

ಜೂನ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆ ಒರೆಸಿ ಎಣ್ಣೆ ಹಚ್ಚಿ. ಕರಾವಳಿಯವರು ಉಪ್ಪುಗಾಳಿಯಿಂದಾಗಿ ವರ್ಷವಿಡೀ. ಕ್ಯಾನ್ವಾಸ್ ಅಥವಾ ಚರ್ಮದ ಚೀಲದಲ್ಲಿ ಹಾಕಿಟ್ಟರೆ ಅದು ತೇವ ಹೀರಿ ಒಳಗೇ ತುಕ್ಕು ಹಿಡಿಸುತ್ತದೆ. ಚೀಲ ಸಾಗಿಸಲು ಮಾತ್ರ. ತೆಂಗಿನೆಣ್ಣೆ ಹಚ್ಚುವವರು ಇನ್ನೂ ಇದ್ದಾರೆ. ಶಿರಸಿಯ ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಅದು ಹೇಗೆ ಗಟ್ಟಿಯಾಗಿರುತ್ತದೆ ನೋಡಿದ್ದೀರಲ್ಲ, ಫೈರಿಂಗ್ ಪಿನ್ನಿನ ಸುತ್ತಲೂ ಹಾಗೇ ಆಗುತ್ತದೆ. ಕುದುರೆ ಬಿದ್ದರೂ ತೋಟೆ ಸಿಡಿಯುವುದಿಲ್ಲ.

ಚುನಾವಣೆಗೆ ಬಂದೂಕು ಒಪ್ಪಿಸಬೇಕಾಗಿ ಬಂದರೆ ಎಣ್ಣೆ ಹಚ್ಚಿ ಕೊಡಿ. ನಂಬರು ಬರೆದ ರಸೀದಿ ಕೇಳಿ ತೆಗೆದುಕೊಳ್ಳಿ. ಆ ತಿಂಗಳುಗಳಲ್ಲಿ ದಬ್ಬೆಯ ಅಭ್ಯಾಸ, ಕೊಡಪಾನ, ನಡಿಗೆ ನಿಲ್ಲಿಸಬೇಡಿ.

ವಾಪಸ್ ತಂದ ದಿನ ಉತ್ಸಾಹದಲ್ಲಿ ನೇರ ನಾಲ್ಕನೇ ಹಂತಕ್ಕೆ ಹಾರುವುದು ಬೇಡ, ಎರಡನೆಯದರಿಂದ ಶುರು ಮಾಡಿ. ತೆರೆಯಿರಿ, ಬೆರಳು ಹಾಕಿ, ನಳಿಗೆಯನ್ನು ಬೆಳಕಿಗೆ ಹಿಡಿಯಿರಿ. ಕುಂಬಾರ ಹುಳಕ್ಕೆ ಮನೆ, ಠಾಣೆ ಎಂಬ ಭೇದ ಇಲ್ಲ.